ಸಂಜೆ ಏಳು ಗಂಟೆಯ ಶಿಖರ

ಬಹಳ ಹಿಂದೆ, ಅಂದರೆ ನಿಮ್ಮ ಮನೆಯ ಈಗಿನ ಮೀಟರಿಗಿಂತ ಎರಡು ಮೀಟರು ಹಿಂದೆ, ಸಮತಲಪುರಿ ಎಂಬ ಒಂದು ರಾಜ್ಯವಿತ್ತು. ಹೆಸರಿಗೆ ತಕ್ಕಂತೆ ಅದು ತಟ್ಟೆಯ ಹಾಗೆ ಮಟ್ಟಸವಾಗಿತ್ತು. ಗುಡ್ಡಬೆಟ್ಟ ಹಾಗಿರಲಿ, ಮಕ್ಕಳು ಜಾರಲು ಒಂದು ದಿಬ್ಬವೂ ಇರಲಿಲ್ಲ. ಬೇಸಿಗೆಯಲ್ಲಿ ನೆರೆಹೊರೆಯ ಅರಸರು ಗಿರಿಧಾಮಗಳಿಗೆ ಬಿಜಯಂಗೈದರೆ, ಶ್ರೀಮನ್ಮಹಾರಾಜ ಉಜ್ವಲಸೇನರು ಅರಮನೆಯ ಮಹಡಿಯನ್ನೇ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದರು. ಈ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಅದೇ ರಾಜಧಾನಿಯ ಹೂವಿನ ಬೀದಿಯಲ್ಲಿ ದೇವೀರಮ್ಮ ದೋಸೆಹಿಟ್ಟು ರುಬ್ಬಿ ಮಾರುತ್ತಿದ್ದಳು. ಆಕೆಯ ಆಸ್ತಿ, ಬಂಧು, ಬಳಗ ಎಲ್ಲವೂ ಒಂದು ಗ್ರೈಂಡರು. ಬೆಳಿಗ್ಗೆಗೆ ಹಿಟ್ಟು ಹುದುಗಬೇಕಲ್ಲ, ಸಂಜೆ ಆರಕ್ಕೆ ಅದನ್ನು ಶುರುಮಾಡುತ್ತಿದ್ದಳು. ಅದೇ ಹೊತ್ತಿಗೆ ರಾಜ್ಯದ ಎಲ್ಲ ಮನೆಗಳ ದೀಪ, ಫ್ಯಾನು, ಗೀಸರು, ಟೀವಿ, ಇಸ್ತ್ರಿಪೆಟ್ಟಿಗೆಗಳೂ ಒಟ್ಟಿಗೇ ಕಣ್ಣು ಬಿಡುತ್ತಿದ್ದವು. ರಾಜ್ಯದಲ್ಲಿ ಅಷ್ಟು ಕರೆಂಟು ತಯಾರಾಗುತ್ತಿರಲಿಲ್ಲ. ಸಂಜೆಯ ಆ ಮೂರು ಗಂಟೆಗಾಗಿ ನೆರೆರಾಜ್ಯದಿಂದ ಬೆಂಕಿಯಂಥ ಬೆಲೆಗೆ ತರಿಸಿ, ಆ ಬೆಲೆಯನ್ನು ಪ್ರಜೆಗಳ ಬಿಲ್ಲಿಗೆ ಹಂಚುತ್ತಿದ್ದರು. ಸಂಜೆಯ ಯೂನಿಟ್ಟಿಗೆ ಒಂದು ದರ, ಮಧ್ಯಾಹ್ನದ ಯೂನಿಟ್ಟಿಗೆ ಅದರ ಅರ್ಧ ಎಂದು ಬಿಲ್ಲಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಯಾರೂ ಓದಿರಲಿಲ್ಲ, ಬರೆದವರೂ ಸಹ.

ದೇವೀರಮ್ಮ ಓದಿದಳು. ಓದದೆ ವಿಧಿಯಿರಲಿಲ್ಲ. ಇಂಥ ಬಿಲ್ಲು ಇನ್ನೆರಡು ಬಂದರೆ ಗ್ರೈಂಡರನ್ನೇ ಮಾರಬೇಕಿತ್ತು. ಮರುದಿನದಿಂದ ಮಧ್ಯಾಹ್ನ ಎರಡಕ್ಕೇ ರುಬ್ಬಿ, ಹಿಟ್ಟು ಹುಳಿಯೇರದಂತೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟಳು. ಬಿಲ್ಲು ಇಳಿಯಿತು. ಗುಟ್ಟು ಇಟ್ಟುಕೊಳ್ಳುವ ಹೆಂಗಸಲ್ಲ ಅವಳು, ಇಡೀ ಬೀದಿಗೆ ಹೇಳಿದಳು. ಇಸ್ತ್ರಿಯವರು, ಹಿಟ್ಟಿನ ಗಿರಣಿಯವರು, ನೀರಿನ ಪಂಪಿನವರು ಎಲ್ಲರೂ ಮಧ್ಯಾಹ್ನಕ್ಕೆ ಸರಿದರು.

ಇತ್ತ ಆಸ್ಥಾನದಲ್ಲಿ ಬೇರೆಯೇ ಸಂಭ್ರಮ ನಡೆದಿತ್ತು. ಕರೆಂಟಿನ ಖಾತೆಯ ತಂತಿಮಂತ್ರಿ ಹೌದಪ್ಪನವರು ತಿಂಗಳ ಹಿಂದೆ ಎರಡು ಹಾಳೆಯ ವರದಿ ತಂದಿದ್ದರು. ಮೊದಲನೆಯದರಲ್ಲಿ ಒಂದು ಗ್ರಾಫು.

“ಮಹಾಸ್ವಾಮಿ, ನಮ್ಮ ವಿದ್ಯುತ್ತಿನ ಗೃಹಬಳಕೆಯು ದಿನಂಪ್ರತಿ ಸಂಜೆ ಏಳಕ್ಕೆ ಶಿಖರವನ್ನು ಮುಟ್ಟುತ್ತಿದೆ.”

“ಏನಂದಿರಿ? ಶಿಖರವೇ? ನಮ್ಮಲ್ಲೇ?”

ಹೌದಪ್ಪನವರು ಪ್ರಭುವಿನ ಮುಖ ನೋಡಿದರು. ಶಿಖರವನ್ನು ತಗ್ಗಿಸುವ ಉಪಾಯಗಳಿದ್ದ ಎರಡನೆಯ ಹಾಳೆಯನ್ನು ಮಡಚಿ ಜೇಬಿಗೆ ಸೇರಿಸಿದರು. “ನಮ್ಮಲ್ಲೇ, ಪ್ರಭೋ. ಅಪ್ಪಟ ಸ್ವದೇಶಿ ಶಿಖರ.”

ಅಂದಿನಿಂದ ಗ್ರಾಫಿಗೆ ಚಿನ್ನದ ಚೌಕಟ್ಟು ಬಂತು, ಭೂಗೋಳದ ಪಠ್ಯ ಬದಲಾಯಿತು, ಶಿಖರ ಸಂರಕ್ಷಣಾ ಪ್ರಾಧಿಕಾರಕ್ಕೆ ಒಬ್ಬ ಅಧ್ಯಕ್ಷ ಮತ್ತು ಹನ್ನೊಂದು ಉಪಾಧ್ಯಕ್ಷರು ಬಂದರು. ಅವರು ಪ್ರತಿ ಸಂಜೆ ಅಳತೆಪಟ್ಟಿ ಹಿಡಿದು ಅಂದಂದಿನ ಗ್ರಾಫಿನ ಶಿಖರವನ್ನು ಅಳೆಯುತ್ತಿದ್ದರು. ಒಂದು ಸಂಜೆ ಅದು ಅರ್ಧ ಅಂಗುಲ ಕುಸಿದದ್ದು ಕಂಡು ಅಧ್ಯಕ್ಷರಿಗೆ ತಲೆ ತಿರುಗಿತು. ತನಿಖೆ ಹೂವಿನ ಬೀದಿಗೆ ಬಂದು ನಿಂತಿತು. ದೇವೀರಮ್ಮನನ್ನೂ, ಸಾಕ್ಷ್ಯವೆಂದು ಆಕೆಯ ಗ್ರೈಂಡರನ್ನೂ ಆಸ್ಥಾನಕ್ಕೆ ತಂದರು.

ಗ್ರೈಂಡರನ್ನು ರತ್ನಗಂಬಳಿಯ ಮೇಲೆ ಕಂಡು ಆಕೆ ನೇರವಾಗಿ ಅದರ ಪಕ್ಕಕ್ಕೇ ಹೋಗಿ ನಿಂತಳು. ಅದಿಲ್ಲದೆ ಮನೆಗೆ ಹೋಗಿ ಮಾಡುವುದೇನು?

“ನಾನ್ಯಾವ ಬೆಟ್ಟ ಕಡ್ದೆ ಅಂತ ಹಿಡ್ಕಂಡು ಬಂದ್ರಿ ಬುದ್ಧಿ? ರುಬ್ಬೋದ್ನ ಮಧ್ಯಾಹ್ನಕ್ಕೆ ಮಾಡ್ಕಂಡೆ, ಅಷ್ಟೇಯ.”

“ಬೆಟ್ಟ ಕಡಿದದ್ದನ್ನು ತಾನೇ ಬಾಯಿಬಿಟ್ಟಿದ್ದಾಳೆ, ಬರೆದುಕೊಳ್ಳಿ,” ಎಂದರು ಹೌದಪ್ಪನವರು. ಕರಣಿಕ ಬರೆದುಕೊಂಡ.

ಮಹಾರಾಜರು ಕೆಟ್ಟವರಲ್ಲ. ಸಿಂಹಾಸನದಿಂದ ಸ್ವಲ್ಪ ಬಾಗಿ, “ತಾಯಿ, ನಮಗಿರುವುದು ಅದೊಂದೇ ಶಿಖರ,” ಎಂದರು. ದೇವೀರಮ್ಮನಿಗೆ ಪಾಪ ಅನ್ನಿಸಿತು.

“ಬುದ್ಧಿ, ಅದು ಎತ್ರ ಆದಷ್ಟೂ ನಮ್ಮ ಬಿಲ್ಲೂ ಎತ್ರ ಆಯ್ತದೆ. ಎಲ್ರೂ ಒಂದೇ ಸಲ ಸ್ವಿಚ್ ಹಾಕೋದ್ನ ಬಿಟ್ರೆ ಸಾಕು, ಹೊರಗಿಂದ ಕರೆಂಟ್ ತರೋದೂ ತಪ್ತದೆ. ನೀವೂ ಅರಮನೆ ಬಿಸ್ನೀರ್ನ ಮಧ್ಯಾಹ್ನವೇ ಕಾಯಿಸ್ಕಳಿ.”

ಮಹಾರಾಜರ ಹಣೆಯಲ್ಲಿ ಒಂದು ಗೆರೆ ಮೂಡಿತು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಅವರಿಗೆ ಅರ್ಥವಾಗಿಯೇ ಬಿಡುತ್ತಿತ್ತು. ಹೌದಪ್ಪನವರು ಆ ಗಳಿಗೆಯನ್ನು ಕೊಡಲಿಲ್ಲ.

“ಪ್ರಭೋ, ಶಿಖರ ಏರುವವರಿಗೆ ಏದುಸಿರು ಸಹಜ. ಬಿಲ್ಲೆಂಬುದು ಪ್ರಜೆಗಳ ಏದುಸಿರು. ನಿಜವಾದ ಕೊರತೆ ಬೇರೆ ಇದೆ. ಶಿಖರವಿದ್ದ ಮೇಲೆ ಕಳಶ ಬೇಡವೇ?”

ಗೆರೆ ಅಳಿಸಿತು. “ಆಹಾ,” ಎಂದರು ಮಹಾರಾಜರು.

ಡಂಗುರ ಸಾರಿದರು. ಅಮಾವಾಸ್ಯೆಯ ಸಂಜೆ ಏಳಕ್ಕೆ ಸಮಸ್ತ ಪ್ರಜೆಗಳು ಸಮಸ್ತ ಸ್ವಿಚ್ಚುಗಳನ್ನು ಒತ್ತತಕ್ಕದ್ದು. ಅರಮನೆಯ ನೆತ್ತಿಯ ಮೇಲೆ ಹತ್ತು ಸಾವಿರ ಬಲ್ಬುಗಳ ಕಳಶ ಬೆಳಗತಕ್ಕದ್ದು. ದೇವೀರಮ್ಮನಿಗೆ ಕ್ಷಮಾದಾನವಾಯಿತು. ಗ್ರೈಂಡರನ್ನು ಸಂಜೆ ಆರರಿಂದ ಒಂಬತ್ತರವರೆಗೆ ಮಾತ್ರ ತಿರುಗಿಸುವಂತೆ ರಾಜಮುದ್ರೆ ಒತ್ತಿ ವಾಪಸ್ಸು ಕೊಟ್ಟರು.

ಏಳು ಹೊಡೆಯಿತು. ಸ್ವಿಚ್ಚುಗಳು ಬಿದ್ದವು. ಗ್ರಾಫು ಚೌಕಟ್ಟು ದಾಟಿ ಗೋಡೆಯ ಮೇಲೆ ಏರಿತು. ಏಳಾಗಿ ಒಂದು ನಿಮಿಷಕ್ಕೆ ಇಡೀ ಸಮತಲಪುರಿ ಕತ್ತಲಾಯಿತು. ಜನರೇಟರಿದ್ದ ಅರಮನೆಯ ಕಳಶವೊಂದೇ ಉರಿಯುತ್ತಿತ್ತು.

“ಸುತ್ತ ಕತ್ತಲಿದ್ದರೆ ಎಷ್ಟು ಚೆನ್ನಾಗಿ ಕಾಣುತ್ತದೆ,” ಎಂದರು ಮಹಾರಾಜರು.

“ಅದಕ್ಕೆಂದೇ ಈ ವ್ಯವಸ್ಥೆ, ಪ್ರಭೋ,” ಎಂದರು ಹೌದಪ್ಪನವರು.

ದೇವೀರಮ್ಮನ ಉದ್ದಿನಬೇಳೆ ಅರ್ಧಕ್ಕೆ ನಿಂತಿತ್ತು. ಹಿತ್ತಲಲ್ಲಿದ್ದ ಅತ್ತೆಯ ಕಾಲದ ಒರಳುಕಲ್ಲನ್ನು ತೊಳೆದು, ಕಳಶದ ಬೆಳಕಿನಲ್ಲೇ ರುಬ್ಬಲು ಕೂತಳು. ಆ ತಿಂಗಳು ಹೂವಿನ ಬೀದಿಗೆ ಕರೆಂಟು ಬಂದದ್ದೇ ಅಪರೂಪ, ಆದರೂ ತಿಂಗಳಾದ ಮೇಲೆ ಬಂದ ಬಿಲ್ಲು ಹಿಂದಿನ ಎಲ್ಲವನ್ನೂ ಮೀರಿಸಿತ್ತು.

“ಕರೆಂಟೇ ಇರ್ಲಿಲ್ವಲ್ಲಪ್ಪ?” ಎಂದು ಬಿಲ್ಲು ತಂದ ಸಿದ್ದಲಿಂಗುವನ್ನು ಕೇಳಿದಳು.

“ಇದು ಕರೆಂಟಿಗಲ್ಲ ಕಣವ್ವ, ಎತ್ತರಕ್ಕೆ,” ಎಂದ ಅವನು, ತಲೆ ಎತ್ತದೆ.

ಗ್ರೈಂಡರನ್ನು ಮಾರಿಯೇ ಬಿಲ್ಲು ಕಟ್ಟಬೇಕಾಯಿತು. ಕೊಂಡವರು ಶಿಖರ ಸಂರಕ್ಷಣಾ ಪ್ರಾಧಿಕಾರದವರು, ಗ್ರೈಂಡರಿನ ಜೊತೆ ಆಕೆಯ ಮೀಟರನ್ನೂ ಕಿತ್ತು ಒಯ್ದರು. ಅದನ್ನು ಈಗ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಶಿಖರ ಕುಸಿಯದಿರಲೆಂದು ದಿನವೂ ಸಂಜೆ ಆರರಿಂದ ಒಂಬತ್ತರವರೆಗೆ ಅದನ್ನು ಖಾಲಿಯಾಗಿಯೇ ತಿರುಗಿಸುತ್ತಾರೆ. ಒರಳಿನ ಮುಂದೆ ಕೂತ ದೇವೀರಮ್ಮನಿಗೆ ಅದರ ಸದ್ದು ಸಣ್ಣಗೆ ಕೇಳಿಸುತ್ತದೆ. ಮೀಟರಿನಲ್ಲಿ ಹೆಸರು ಬದಲಾಯಿಸಲು ಆಸ್ಥಾನಕ್ಕೆ ಪುರುಸೊತ್ತಾಗಿಲ್ಲವಾದ್ದರಿಂದ, ಅದರ ಬಿಲ್ಲು ಇಂದಿಗೂ ಆಕೆಯ ಮನೆಗೇ ಬರುತ್ತದೆ.