ಚಿಮಣಿ ಎಣ್ಣೆಗೆ ಬಿದ್ದ ದೃಷ್ಟಿಯುಪ್ಪು

ಸಿಟ್ಟು ಮನುಷ್ಯನ ವೈರಿ ಎನ್ನುತ್ತಾರೆ. ಹಾಗೆ ಹೇಳಿದವರು ರಸಾಯನಶಾಸ್ತ್ರ ಕಲಿತು, ಬೈಲಹೊಂಗಲದಲ್ಲಿ ಮಾಸ್ತರಿಕೆ ಮಾಡಿ, ಮೇಲೆ ನಮ್ಮ ಅತ್ತೆಯವರಂಥ ಅತ್ತೆಯನ್ನು ಮನೆಯಲ್ಲಿ ಇಟ್ಟುಕೊಂಡವರಲ್ಲ. ನನಗೆ ಬೆಳಿಗ್ಗೆ ಏಳುವಾಗಲೇ ಸಿಟ್ಟು ಬಂದಿರುತ್ತದೆ. ಆದರೆ ಮಗಳು ಗಂಗವ್ವನನ್ನು ನೋಡಲು ನೇಸರಗಿಯಿಂದ ಗಂಡಿನವರು ಬಂದ ದಿನದ ಸಿಟ್ಟಿನ ಮುಂದೆ ಉಳಿದವೆಲ್ಲ ಬರೀ ಸಿಡುಕು.

ಹಿಂದಿನ ದಿನ ಚಕ್ಕಡಿ ಏರುವಾಗ ನನ್ನ ಒಳ್ಳೆಯ ಧೋತರಕ್ಕೆ ಕೀಲೆಣ್ಣೆ ಮೆತ್ತಿತ್ತು. ಹೆಂಡತಿ ಅದನ್ನು ನೀರಿನಲ್ಲಿ ತಿಕ್ಕಿ ತಿಕ್ಕಿ, ಅಂಗೈಯಗಲದ ಕಲೆಯನ್ನು ಪರಾತದಗಲ ಮಾಡಿಟ್ಟಳು. "ನೀರಿಗೂ ಜಿಡ್ಡಿಗೂ ಕೂಡೂದಿಲ್ಲ! ನೀರಿನ ಕಣಕ್ಕ ಧನ ಒಂದು, ಋಣ ಒಂದು, ಎರಡು ತುದಿ ಅದಾವ. ಜಿಡ್ಡಿಗೆ ತುದೀನ ಇಲ್ಲ. ಅದಕ್ಕ ಅದರಂಥಾದ್ದ ಬೇಕು!" ಎಂದು ಕೂಗಿ, ಒಂದು ಬೋಗುಣಿಗೆ ದೀಪಕ್ಕೆ ಹಾಕುವ, ನೀರಿನಂತೆ ತಿಳಿಯಾದ ಚಿಮಣಿ ಎಣ್ಣೆ ಸುರಿದು, ಕಲೆ ತೆಗೆಯಲೆಂದು ಬಚ್ಚಲಕಟ್ಟೆಯ ಮೇಲಿಟ್ಟೆ. ಬೆಳಗಾದರೆ ಗಂಡಿನವರು ಬಂದೇಬಿಟ್ಟರು. ಧೋತರವೂ ಮರೆತುಹೋಯಿತು, ಬೋಗುಣಿಯೂ ಮರೆತುಹೋಯಿತು.

ಅತ್ತೆಯವರು ಮೊಮ್ಮಗಳನ್ನು ಕೂರಿಸಿ, ಹರಳುಪ್ಪು ಇಳಿಸಿ ದೃಷ್ಟಿ ತೆಗೆದರು. ಆ ಉಪ್ಪನ್ನು ನೀರಿಗೆ ಹಾಕಬೇಕು. ಅದು ಕರಗಿದರೆ ಕೆಟ್ಟ ಕಣ್ಣೂ ಕರಗಿದಂತೆ. ಅವರು ನೀರೆಂದು ತಿಳಿದು ಹಾಕಿದ್ದು ನನ್ನ ಬೋಗುಣಿಗೆ. ಹರೆಯದಿಂದ ತಪಕೀರಿನ ನಶ್ಯ ಏರಿಸಿ ಏರಿಸಿ ಅವರ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ನಾವು ಪಡಸಾಲೆಯಲ್ಲಿ ಅವಲಕ್ಕಿ ತಿಂದು ಮುಗಿಸಿದರೂ ಉಪ್ಪು ಇದ್ದ ಹಾಗೇ ಇತ್ತು.

"ಅಳಿಯಂದ್ರ, ಒಳಗ ಬರ್ರಿ," ಎಂದು ಕರೆದರು. "ಒಂದು ಹಳ್ಳೂ ಕರಗಿಲ್ಲ. ಈ ಸಂಬಂಧ ಬ್ಯಾಡ. ಅವರನ್ನ ಕಳಸ್ರಿ."

ನನ್ನ ಅಂಗಾಲಿನ ಉರಿ ನೆತ್ತಿಗೇರಿತು. "ಅದು ಚಿಮಣಿ ಎಣ್ಣಿರೀ! ಉಪ್ಪಂದ್ರ ಅಯಾನು. ಧನದ್ದೊಂದು, ಋಣದ್ದೊಂದು ಬಿಗಿಯಾಗಿ ಹಿಡಕೊಂಡಿರ್ತಾವ. ನೀರು ತನ್ನ ಎರಡು ತುದಿಯಿಂದ ಜಗ್ಗಿ ಬಿಡಸತೈತಿ. ಎಣ್ಣಿ ಯಾತರಿಂದ ಜಗ್ಗಬೇಕು?"

"ಬಿಗಿಯಾಗಿ ಹಿಡಕೊಂಡೈತಿ ಅಂತ ನೀವ ಅಂತೀರಿ. ನಾನೂ ಅದನ್ನ ಹೇಳಾಕತ್ತೇನಿ," ಎಂದರು ಅತ್ತೆ. "ಕಣ್ಣು ಬಿಗಿಯಾಗಿ ಹಿಡಕೊಂಡೈತಿ."

ಕೋಣನ ಮುಂದೆ ಕಿನ್ನರಿ ಬಾರಿಸುವುದು ಇದಕ್ಕಿಂತ ಸುಖ. ಕೋಣ ತಿರುಗಿ ಮಾತಾಡುವುದಿಲ್ಲ. ಹೊರಗಿನಿಂದ ಹುಡುಗನ ತಂದೆ, "ಹೊತ್ತಾತ್ರಿ ಮಾಸ್ತರ, ಹುಡುಗಿನ್ನ ಕರೀರಿ," ಎನ್ನುತ್ತಿದ್ದರು. ಗಂಗವ್ವ ಬಾಗಿಲ ಸಂದಿನಿಂದ ಹುಡುಗನನ್ನು ಆಗಲೇ ನೋಡಿ ಮೆಚ್ಚಿಕೊಂಡಿದ್ದಳು. ಅವಳ ಕಣ್ಣು ತುಂಬಿ ಬಂದಿತ್ತು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

"ಇನ್ನೊಮ್ಮೆ ಇಳಸ್ರಿ! ಈ ಸಲ ನೀರಾಗ ಹಾಕ್ರಿ. ಕರಗಲಿಲ್ಲಂದ್ರ ನಾನ ಅವರನ್ನ ಕಳಸ್ತೇನಿ!" ಎಂದುಬಿಟ್ಟೆ. ಶಾಸ್ತ್ರದ ಮೇಲೆ ನನಗೆ ಅಷ್ಟು ಭರವಸೆ.

ಉಪ್ಪು ನೀರಿಗೆ ಬಿತ್ತು. ಶಾಸ್ತ್ರ ನಿಧಾನವಾಗಿ ಕೆಲಸ ಮಾಡುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ. ಕೈ ಹಾಕಿ ಕದಡಿದೆ. ನೀರಿಗೆ ಬೈದೆ, ಅಯಾನುಗಳಿಗೆ ಬೈದೆ, ಕೊನೆಗೆ ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದೆ. ಎಲ್ಲ ಕರಗಿತು, ಒಂದು ಹರಳು ಮಾತ್ರ ತಳದಲ್ಲಿ ಕೂತುಬಿಟ್ಟಿತು. ಅತ್ತೆಯವರು ತಪಕೀರಿನ ಡಬ್ಬಿಗಾಗಿ ಆಚೆ ತಿರುಗಿದರು. ನಾನು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡು ನುಂಗಿದೆ.

"ಕರಗೇತಿ ನೋಡ್ರಿ!"

ಅತ್ತೆ ಬಗ್ಗಿ ನೋಡಿ, "ಹೋಗು ಮಗಳ," ಎಂದರು. ಗಂಗವ್ವ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಸಂಬಂಧ ಗಟ್ಟಿಯಾಯಿತು.

ನಾನು ನುಂಗಿದ್ದು ಉಪ್ಪಿನಲ್ಲಿ ಸೇರಿಕೊಂಡಿದ್ದ ಬರೀ ಕಲ್ಲು. ನನಗೆ ಚೆನ್ನಾಗಿ ಗೊತ್ತು. ಆದರೂ ಗಂಗವ್ವ ತವರಿಗೆ ಬಂದಾಗಲೆಲ್ಲ, ಅವಳು ಗಾಡಿ ಇಳಿಯುವ ಮೊದಲೇ ಕೇಳುತ್ತೇನೆ: "ಅಲ್ಲೆ ಎಲ್ಲಾ ಚೊಲೋ ಐತಿಲ್ಲವಾ?" ಅವಳು "ಐತೆಪಾ" ಎನ್ನುವವರೆಗೆ ಆ ಹರಳು ನನ್ನ ಹೊಟ್ಟೆಯಲ್ಲಿ ಕರಗುವುದಿಲ್ಲ.