ಎರಡು ದಿನಕ್ಕೆ ಮೂರು ದ್ವೀಪ

ಪ್ರವಾಸಕ್ಕಿಂತ ಪ್ರವಾಸಕ್ಕೆ ಹೊರಡುವ ಮುಂಚಿನ ದಿನಗಳೇ ಚಂದ ಎಂದು ನಂಬಿರುವ ಜನ ನನ್ನ ಹಾಗೆ ಇನ್ನೂ ಕೆಲವರು ಇರಬಹುದು. ಆ ದಿನಗಳಲ್ಲಿ ಬಸ್ಸು ತಪ್ಪುವುದಿಲ್ಲ, ಚಪ್ಪಲಿ ಕಿತ್ತುಹೋಗುವುದಿಲ್ಲ, ಯಾರಿಗೂ ಹೊಟ್ಟೆ ಕೆಡುವುದಿಲ್ಲ. ಕಾಗದದ ಮೇಲೆ ಮನೆಯವರೆಲ್ಲ ಹೇಳಿದ ಹೊತ್ತಿಗೆ ಎದ್ದು, ಹೇಳಿದ ಹೊತ್ತಿಗೆ ತಿಂದು, ನಗುನಗುತ್ತಾ ಕಿಟಕಿ ಪಕ್ಕ ಕೂತಿರುತ್ತಾರೆ. ನನಗೆ ಈ ಚಟ ಅಂಟಿದ್ದು ಹೊಟ್ಟೆಪಾಡಿನಿಂದ. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಪ್ಲಾನಿಂಗ್ ವಿಭಾಗದವನು. ಯಾವ ದಿನ ಯಾವ ಲೇತಿನ ಮೇಲೆ ಯಾವ ಮಾಲು ಕೂರಬೇಕು ಎಂದು ಗ್ರಾಫ್ ಹಾಳೆಯ ಮೇಲೆ ಬಣ್ಣಬಣ್ಣದ ಗೀಟು ಎಳೆಯುವುದು ನನ್ನ ಕೆಲಸ. ಲೇತಿನವರು ಆ ಹಾಳೆಯನ್ನು ಬಹಳ ಗೌರವದಿಂದ ಗೋಡೆಗೆ ಅಂಟಿಸಿಕೊಂಡು, ತಮಗೆ ತೋಚಿದ ಹಾಗೆ ಕೆಲಸ ಮಾಡುತ್ತಿದ್ದರು. ಅದರಿಂದ ನನಗೇನೂ ಬೇಸರವಿರಲಿಲ್ಲ. ಗೀಟು ನೇರವಾಗಿದ್ದರೆ ಸಾಕಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ದಾಸರಹಳ್ಳಿಯಲ್ಲಿ ಹನುಮಂತರಾಯಪ್ಪ ಎನ್ನುವವರ ಮನೆಯ ಮಹಡಿಯ ಮೇಲೆ ನಾವು ನಾಲ್ವರು ಬಾಡಿಗೆಗಿದ್ದೆವು: ನಾನು, ಹೆಂಡತಿ ಗಿರಿಜಾ, ಐದನೇ ಕ್ಲಾಸಿನ ಮಗಳು ಪಲ್ಲವಿ ಮತ್ತು ದಾವಣಗೆರೆ ಕಡೆಯಿಂದ ಬಂದು ನಮ್ಮ ಜೊತೆ ನೆಲೆಸಿದ್ದ ನಮ್ಮವ್ವ. ನಾಲ್ವರಿಗೂ ಸೇರಿ ಇದ್ದದ್ದು ಒಂದು ಸ್ಕೂಟರು. ಅದರಲ್ಲಿ ನಾಲ್ವರೂ ಕೂರಬಹುದೆಂದು ನಾನು ಒಮ್ಮೆ ವಾದಿಸಿದ್ದೆ. ಅವ್ವ ಅದನ್ನು ಒಂದು ಸುತ್ತು ಹಾಕಿ ನೋಡಿ, "ನಾನು ನಡಕೊಂಡು ಬರ್ತೀನಪಾ" ಅಂದಿದ್ದಳು.

ಒಂದು ಸಂಜೆ ಪಲ್ಲವಿ ಭೂಗೋಳದ ಪುಸ್ತಕ ಹಿಡಿದುಕೊಂಡು ಬಂದು, "ಅಪ್ಪಾ, ನಾಲ್ಕೂ ಕಡೆ ನೀರಿರೋ ಭೂಮಿಗೆ ದ್ವೀಪ ಅಂತಾರಂತೆ. ನೀನು ನೋಡಿದೀಯಾ?" ಎಂದು ಕೇಳಿದಳು. ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಗಳ ಮುಂದೆ ಇಲ್ಲ ಅನ್ನುವುದು ನನ್ನ ಬಾಯಿಗೆ ಅಭ್ಯಾಸವಿಲ್ಲ. "ಒಂದೇನು, ಎರಡು ದಿನದಲ್ಲಿ ಮೂರು ದ್ವೀಪ ತೋರಿಸ್ತೀನಿ" ಅಂದುಬಿಟ್ಟೆ. ಮಾರನೆಯ ದಿನ ಆಕೆ ಅದನ್ನು ಇಡೀ ಕ್ಲಾಸಿಗೆ ಹೇಳಿ ಬಂದಳು. ಹೋಗಿ ಬಂದ ಮೇಲೆ ಎಲ್ಲರ ಮುಂದೆ ನಿಂತು ದ್ವೀಪಗಳ ಬಗ್ಗೆ ಮಾತಾಡಬೇಕೆಂದು ಟೀಚರ್ ಕೂಡ ಹೇಳಿ ಕಳಿಸಿದರು. ಗಿರಿಜಾ ಅನ್ನ ಬಡಿಸುತ್ತಾ ಮೆಲ್ಲಗೆ ಕೇಳಿದಳು: "ದ್ವೀಪ ಎಲ್ಲಿದೆ ರೀ?" ನಾನೂ ಅದನ್ನೇ ಯಾರನ್ನಾದರೂ ಕೇಳಬೇಕಿತ್ತು.

ಉತ್ತರ ಸಿಕ್ಕಿದ್ದು ರೈಲ್ವೆ ವೇಳಾಪಟ್ಟಿಯ ಜೊತೆ ಇಟ್ಟುಕೊಂಡಿದ್ದ ಹಳೆಯ ನಕ್ಷೆಯಲ್ಲಿ. ಕಾವೇರಿ ಮೈಸೂರಿನ ಹತ್ತಿರ ಎರಡಾಗಿ ಒಡೆದು ಮತ್ತೆ ಕೂಡುತ್ತಾಳೆ, ನಡುವೆ ಶ್ರೀರಂಗಪಟ್ಟಣ. ಕೆಳಗೆ ಹೋಗಿ ಮತ್ತೊಮ್ಮೆ ಒಡೆಯುತ್ತಾಳೆ, ನಡುವೆ ಶಿವನಸಮುದ್ರ. ಶ್ರೀರಂಗಪಟ್ಟಣದ ಮೇಲೆ ನಾನು ಹತ್ತಾರು ಸಲ ರೈಲಿನಲ್ಲಿ ಹೋಗಿದ್ದೆ. ದ್ವೀಪದ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇನೆ ಎಂದು ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಆ ಸಂತೋಷಕ್ಕೆ ನಾನು ಎದ್ದು ಎರಡು ಸಲ ಮನೆಯೊಳಗೆ ತಿರುಗಾಡಿದೆ. ಮೂರನೆಯದಕ್ಕೆ, ಶಿವನಸಮುದ್ರದ ಪಕ್ಕ ನದಿಯ ನಡುವೆ ಒಂದು ಚುಕ್ಕೆ ಕಂಡಿತು. ಅದು ದ್ವೀಪವೋ, ಮುದ್ರಣದ ಕಲೆಯೋ ತಿಳಿಯಲಿಲ್ಲ. ಅದನ್ನೇ ಸೇರಿಸಿಕೊಂಡೆ.

ಅಲ್ಲಿಂದ ಮೂರು ವಾರ ನಾನು ಮನುಷ್ಯನಾಗಿರಲಿಲ್ಲ. ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸಿನ ಹೊತ್ತುಗಳನ್ನು ಬರೆದುಕೊಂಡು ಬಂದೆ. ಕಾರ್ಖಾನೆಯಿಂದ ಒಂದು ದೊಡ್ಡ ಗ್ರಾಫ್ ಹಾಳೆ ತಂದು ಊಟದ ಮನೆಯ ಗೋಡೆಗೆ ಅಂಟಿಸಿದೆ. ರೈಲಿಗೆ ನೀಲಿ, ಬಸ್ಸಿಗೆ ಕಪ್ಪು, ಕಾಫಿಗೆ ಹಸಿರು. ಅವ್ವ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಹನಿ ನೀರೂ ಬಾಯಿಗೆ ಹಾಕುವವಳಲ್ಲ, ಅದಕ್ಕೆ ದಿನಕ್ಕೆ ಅರ್ಧ ಗಂಟೆಯ ಕೆಂಪು ಗೀಟು. ಅವ್ವ ಕನ್ನಡಕ ಹಾಕಿಕೊಂಡು ಅದನ್ನು ನೋಡಿ, "ನನ್ನ ಪೂಜೆ ಗ್ವಾಡಿಗೆ ಹಾಕಿಬಿಟ್ಟೀಯಲ್ಲೋ" ಅಂದಳು. ಕೋಪವೋ ಮೆಚ್ಚುಗೆಯೋ ಗೊತ್ತಾಗಲಿಲ್ಲ. ಪಲ್ಲವಿ ಮಾತ್ರ ದಿನಾ ಶಾಲೆಯಿಂದ ಬಂದವಳೇ ಚೀಲ ಬಿಸಾಡಿ, ಹಾಳೆಯ ಮುಂದೆ ನಿಂತು ಬೆರಳಿನಲ್ಲಿ ಇಡೀ ಪ್ರವಾಸವನ್ನು ಒಂದು ಸಲ ಮಾಡಿ ಮುಗಿಸುತ್ತಿದ್ದಳು.

ಬಾಡಿಗೆ ಕೇಳಲು ಬಂದ ಹನುಮಂತರಾಯಪ್ಪನವರೂ ಅದನ್ನು ನೋಡಿದರು. "ಯಾಕ್ ಸಾ ಇಂಗ್ ಕಷ್ಟ ಬೀಳ್ತೀರಾ. ನಮ್ಮ ಅಳಿಯಂದು ಮೆಟಡೋರ್ ಐತೆ, ಎಲ್ಲಾರ್ನೂ ಕೂರಿಸ್ಕೊಂಡು ಓಗಿ ಬಂದ್ಬುಡಿ" ಅಂದರು. ನಾನು ಬೇಡವೆಂದೆ. ವ್ಯಾನಿನಲ್ಲಿ ಹೋದರೆ ಇಷ್ಟು ಗೀಟುಗಳ ಗತಿಯೇನು? ಅವರು ಹತ್ತಿರ ಹೋಗಿ ಒಂದೊಂದನ್ನೂ ಕೇಳಿ ತಿಳಿದುಕೊಂಡು, ಕೊನೆಗೆ ವಿನಯದಿಂದ, "ಬಸ್ಸು ಕೆಟ್ಟೋದ್ರೆ ಯಾವ ಗೀಟು ಸಾ?" ಅಂದರು. ಅದಕ್ಕೆ ನಾನು ಬಣ್ಣ ಇಟ್ಟಿರಲಿಲ್ಲ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಿಷಯ ಹಬ್ಬಿತ್ತು. ಸ್ಟೋರ್ಸಿನ ರಾಮಮೂರ್ತಿ ಆಗಷ್ಟೇ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ಊಟಕ್ಕೆ ಕೂತರೂ ಕೀಲಿಕೈಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. "ಕಾರಿಲ್ದೆ ಫ್ಯಾಮಿಲಿ ಕರ್ಕೊಂಡು ಮೂರು ದ್ವೀಪ ಹೆಂಗ್ರೀ ಸುತ್ತೀರಾ?" ಅಂದರು. "ದ್ವೀಪಕ್ಕೆ ಕಾರು ಹೋಗಲ್ಲ ರಾಮಮೂರ್ತಿ" ಅಂದೆ. ಮೇಜಿನವರೆಲ್ಲ ನಕ್ಕರು. ಆ ನಗುವಿನಿಂದಾಗಿ ಇನ್ನು ಹೋಗದೆ ಇರುವ ದಾರಿಯೂ ಮುಚ್ಚಿಹೋಯಿತು.

ಫೆಬ್ರವರಿಯ ಎರಡನೇ ಶನಿವಾರ ಬೆಳಿಗ್ಗೆ ಹೊರಟೆವು. ನನ್ನ ಆಶ್ಚರ್ಯಕ್ಕೆ ಅವ್ವನ ಪೂಜೆ ಗೀಟಿಗಿಂತ ಹತ್ತು ನಿಮಿಷ ಮುಂಚೆಯೇ ಮುಗಿದಿತ್ತು, ತಡವಾದದ್ದು ನಾನು ಗಡ್ಡ ಹೆರೆದುಕೊಂಡದ್ದರಿಂದ. ರೈಲು ಸಿಕ್ಕಿತು. ಶ್ರೀರಂಗಪಟ್ಟಣಕ್ಕೆ ಮುಂಚೆ ನದಿ ದಾಟುವಾಗ ಎಲ್ಲರೂ ಕಿಟಕಿಯಿಂದ ನೋಡಬೇಕೆಂದು ಹಾಳೆಯಲ್ಲಿ ಬರೆದಿದ್ದೆ. ಆ ಹೊತ್ತಿಗೆ ಸರಿಯಾಗಿ ಇಳಿಯುವವರೆಲ್ಲ ಎದ್ದು ನಿಂತದ್ದರಿಂದ ಪಲ್ಲವಿಗೆ ಕಂಡದ್ದು ಒಬ್ಬರ ಬೆಡ್‌ಷೀಟ್ ಗಂಟು. ಸ್ಟೇಷನ್ನಿನ ಹೊರಗೆ ನಿಂತು ಆಕೆ ಸುತ್ತ ನೋಡಿದಳು. ಸೈಕಲ್ ಅಂಗಡಿ, ಎಳನೀರು, ಜಟಕಾ ಗಾಡಿ. "ಇದು ದ್ವೀಪ ಅಲ್ಲಪ್ಪ, ಊರು" ಅಂದಳು. ಅಳುವ ದನಿಯಲ್ಲ, ತೀರ್ಪಿನ ದನಿ.

ಜಟಕಾ ಹತ್ತಿಸಿಕೊಂಡು ಉತ್ತರದ ಹೊಳೆ ತೋರಿಸಿದೆ. ದಕ್ಷಿಣದ ಹೊಳೆ ತೋರಿಸಿದೆ. ಎರಡೂ ಕೂಡುವ ಸಂಗಮಕ್ಕೆ ಕರೆದೊಯ್ದು ತುದಿಯಲ್ಲಿ ನಿಲ್ಲಿಸಿದೆ. ಆಕೆ ಎಡಕ್ಕೆ ನೋಡಿ, ಬಲಕ್ಕೆ ನೋಡಿ, "ಮೂರು ಕಡೆ ಆಯ್ತು. ನಾಲ್ಕನೇದು?" ಅಂದಳು. ಗಾಡಿಯವರು ಬಿಳಿ ಗಡ್ಡದ ಸಾಬರು, ಕುದುರೆಯ ಬೆನ್ನು ಸವರುತ್ತಾ, "ಎಲ್ಲಾರೂ ಕೋಟೆ ನೋಡೋಕೆ ಬರ್ತಾರೆ ಸಾರ್, ನೀವು ಬರೀ ನೀರು ನೋಡ್ತಾ ಇದೀರಿ" ಅಂದರು. ಆದರೂ ವಾಪಸು ಇಡೀ ಊರು ದಾಟಿಸಿ ಪಡುವಣ ತುದಿಗೆ ಕರೆದುಕೊಂಡು ಹೋದರು. ನಾಲ್ಕನೆಯ ಕಡೆಯ ನೀರು ನೋಡಿದ ಮೇಲೆ ಪಲ್ಲವಿ ಒಪ್ಪಿದಳು, ಪೂರ್ತಿಯಾಗಿ ಅಲ್ಲ. "ನಕ್ಷೆ ನೋಡಿದ್ರೆ ದ್ವೀಪ. ಬಂದು ನೋಡಿದ್ರೆ ಅಷ್ಟಿಲ್ಲ" ಅಂದಳು. ಆ ದಿನ ದೇವಸ್ಥಾನದ ಹತ್ತಿರದ ಛತ್ರದಲ್ಲಿ ಉಳಿದೆವು.

ಭಾನುವಾರ ಬೆಳಿಗ್ಗೆ ಮಂಡ್ಯಕ್ಕೆ ಬಸ್ಸು, ಅಲ್ಲಿಂದ ಮಳವಳ್ಳಿಗೆ ಬಸ್ಸು, ಎರಡೂ ಗೀಟಿನ ಪ್ರಕಾರವೇ ಬಂದವು. ನಾನು ಸ್ವಲ್ಪ ಎದೆ ಮುಂದು ಮಾಡಿಕೊಂಡೇ ಮಳವಳ್ಳಿಯಲ್ಲಿ ಇಳಿದೆ. ಶಿವನಸಮುದ್ರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದಾಗ ವಿಚಾರಣೆಯ ಕಿಟಕಿಯೊಳಗಿನವರು, "ಆ ಗಾಡಿ ಭಾನುವಾರ ಇಲ್ಲ ಸಾರ್. ಮುಂದಿನ್ದು ಸಂಜೆಗೆ" ಅಂದರು. ನಾನು ಜೇಬಿನಿಂದ ಪಟ್ಟಿ ತೆಗೆದು ತೋರಿಸಿದೆ. ಅವರು ಅದನ್ನು ಓದಿ, "ಚೆನ್ನಾಗಿ ಬರ್ದಿದೀರಿ" ಎಂದು ವಾಪಸು ಕೊಟ್ಟರು. ಸಂಜೆ ಹೋದರೆ ರಾತ್ರಿ ಬೆಂಗಳೂರು ಸೇರುವುದಿಲ್ಲ. ಸೋಮವಾರ ಪಲ್ಲವಿ ಎಲ್ಲರ ಮುಂದೆ ನಿಲ್ಲಬೇಕು, ಅವಳ ಕೈಯಲ್ಲಿ ಇರುವುದು ಅರ್ಧ ದ್ವೀಪ. ಆಕೆ ಚೀಲದ ಮೇಲೆ ಕೂತು ಚಪ್ಪಲಿಯ ತುದಿ ನೋಡುತ್ತಿದ್ದಳು. ಗಿರಿಜಾ ನೀರಿನ ಬಾಟಲಿ ತೆಗೆದು ಅವಳಿಗೆ ಕೊಟ್ಟಳು. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ನಾನು ಇನ್ನೊಂದು ಪಟ್ಟಿ ಬರೆಯಲು ಕೂತೆ. ತಲೆ ಎತ್ತಿದಾಗ ಅವ್ವ ಇರಲಿಲ್ಲ. ನಿಲ್ದಾಣದ ಆಚೆ ಬದಿಯಲ್ಲಿ, ಮುಂದುಗಡೆ ಬಾಳೆಕಂದು ಕಟ್ಟಿದ್ದ ಒಂದು ಬಸ್ಸಿನ ಹತ್ತಿರ, ತಲೆ ತುಂಬ ಹೂ ಮುಡಿದ ಹೆಂಗಸೊಬ್ಬಳ ಜೊತೆ ಹಳೆಯ ಗೆಳತಿಯ ಹಾಗೆ ಮಾತಾಡುತ್ತಾ ನಿಂತಿದ್ದಳು. ಆಕೆ ನಿಂಗಮ್ಮ, ಮದುಮಗಳ ಸೋದರತ್ತೆ. ಮದುವೆ ಶಿವನಸಮುದ್ರದ ಸೋಮೇಶ್ವರನ ಗುಡಿಯಲ್ಲಿ. "ಬನ್ನಿ ಕನಪ್ಪ, ಜಾಗ ಅದೆ. ಮಗೀನ ಯಾಕೆ ಬಿಸ್ಲಲ್ಲಿ ಕೂರ್ಸಿದ್ದೀರಿ?" ಎಂದು ನಿಂಗಮ್ಮ ನನ್ನನ್ನೇ ಗದರಿದಳು. ಹತ್ತಿದೆವು. ನನ್ನ ತೊಡೆಯ ಮೇಲೆ ಒಂದು ಮೂಟೆ ತೆಂಗಿನಕಾಯಿ ಇಟ್ಟರು. ಪಲ್ಲವಿಯನ್ನು ಅದೇ ವಯಸ್ಸಿನ ಹುಡುಗಿಯರು ಎಳೆದುಕೊಂಡು ಹೋಗಿ ಜಡೆಗೆ ಮಲ್ಲಿಗೆ ಸಿಕ್ಕಿಸಿದರು. ಹೆಂಗಸರು ಸೋಬಾನೆ ಹೇಳಲು ಶುರುಮಾಡಿದರು, ಅವ್ವನೂ ದನಿಗೂಡಿಸಿದಳು. ಇಕ್ಕಟ್ಟಿನ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಎರಡೂ ಕಡೆ ಬಂಡೆಗಳ ಸಂದಿಯಲ್ಲಿ ನೀರು ಬಿಳಿಯಾಗಿ ನುಗ್ಗುತ್ತಿತ್ತು. ಪಲ್ಲವಿ ಹಿಂದಿನ ಸೀಟಿನಿಂದ ನನ್ನತ್ತ ತಿರುಗಿ, "ಅಪ್ಪಾ, ಇದು ದ್ವೀಪ ಅಂತ ಗೊತ್ತಾಗ್ತಾ ಇದೆ" ಅಂದಳು. ಮೂರು ವಾರದ ಗೀಟಿಗೆ ನನಗೆ ಅಷ್ಟು ಸಾಕಿತ್ತು.

ತಾಳಿ ಕಟ್ಟುವುದನ್ನು ನೋಡಿದೆವು, ಅಕ್ಕಿ ಹಾಕಿದೆವು. ಊಟಕ್ಕೆ ಕೂತಾಗ ಗಂಡಿನ ಕಡೆಯ ಹಿರಿಯರೊಬ್ಬರು ಪಾಯಸ ಬಡಿಸಲು ಬಂದು, "ತಾವು ಹೆಣ್ಣಿನ ಕಡೇರಾ?" ಎಂದು ನನ್ನನ್ನು ಕೇಳಿದರು. ಅವ್ವ ತಣ್ಣಗೆ, "ನಾವು ದ್ವೀಪದ ಕಡೇರಪ್ಪ, ಹಾಕು" ಅಂದಳು. ಅವರು ಅದೊಂದು ಊರಿನ ಹೆಸರಿರಬೇಕೆಂದುಕೊಂಡು ಹಾಕಿದರು.

ಮೂರನೆಯ ದ್ವೀಪವನ್ನೂ ಅವ್ವನೇ ವಿಚಾರಿಸಿ ಹಿಡಿದಳು. ನನ್ನ ನಕ್ಷೆಯ ಚುಕ್ಕೆ ನಿಜಕ್ಕೂ ಇತ್ತು. ಶಿವನಸಮುದ್ರದ ಜಲಪಾತಕ್ಕಿಂತ ಬಹಳ ಮೇಲೆ, ನೀರು ಕೆರೆಯ ಹಾಗೆ ನಿಂತ ಕಡೆ ಒಂದು ಸಣ್ಣ ನಡುಗಡ್ಡೆ, ಆಡು ಮೇಯಿಸುವವರು ತೆಪ್ಪದಲ್ಲಿ ಹೋಗಿಬರುತ್ತಾರೆ. ಮದುಮಗಳ ಸೋದರಮಾವನೊಬ್ಬ ನಮ್ಮನ್ನು ಅಲ್ಲಿಗೆ ಮುಟ್ಟಿಸಿ ತೆಪ್ಪದವನಿಗೆ ಹೇಳಿದ. ತೆಪ್ಪ ಎಂದರೆ ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಡಾಂಬರು ಬಳಿದದ್ದು. ಇಲ್ಲಿ ನಾನು ಒಂದು ವಿಷಯ ಹೇಳಿಕೊಳ್ಳಬೇಕು. ನಾನು ಹುಟ್ಟಿದ ಊರಿನ ಕೆರೆಯಲ್ಲಿ ವರ್ಷಕ್ಕೆ ಎರಡು ತಿಂಗಳು ನೀರಿದ್ದರೆ ಹೆಚ್ಚು. ಈಜು ಬರುವುದಿಲ್ಲ, ದೋಣಿ ಹತ್ತಿದವನಲ್ಲ. ಮೂರು ದ್ವೀಪ ಎಂದು ಅಷ್ಟು ದಿನ ಬಣ್ಣ ಹಚ್ಚುವಾಗ ದ್ವೀಪಕ್ಕೂ ನನಗೂ ನಡುವೆ ನೀರು ಇರುತ್ತದೆಂಬುದು ಒಮ್ಮೆಯೂ ಹೊಳೆದಿರಲಿಲ್ಲ.

"ನೀವು ಹೋಗಿಬನ್ನಿ, ನಾನು ಚೀಲ ನೋಡ್ಕೋತೀನಿ" ಅಂದೆ. ಗಿರಿಜಾ ಆಗಲೇ ಬುಟ್ಟಿಯಲ್ಲಿ ಕೂತು ಸೀರೆ ಒದ್ದೆಯಾಗದಂತೆ ಎತ್ತಿ ಕಟ್ಟಿದ್ದಳು. ಪಲ್ಲವಿ ದಡದಲ್ಲೇ ನಿಂತು, "ನೀನೇ ತೋರಿಸ್ತೀನಿ ಅಂದಿದ್ದು" ಅಂದಳು. ಹತ್ತಿದೆ. ಅದು ಒಂದು ಸಲ ಅರ್ಧ ಸುತ್ತು ತಿರುಗಿದ್ದು ಗೊತ್ತು, ಆಮೇಲೆ ನಾನು ಕಣ್ಣು ಮುಚ್ಚಿದೆ. ಕೈಗೆ ಸಿಕ್ಕಿದ್ದು ಅವ್ವನ ಸೆರಗು, ಅದನ್ನು ಹಿಡಿದುಕೊಂಡೆ. "ಕಣ್ಣು ಬಿಡಪಾ, ಏನೂ ಆಗಲ್ಲ" ಅಂತ ಅವ್ವ ಅನ್ನುತ್ತಿದ್ದಳು. ಬಿಡಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಪಲ್ಲವಿ ನನ್ನ ಕಿವಿಯ ಹತ್ತಿರ ಬಂದು ಹೇಳತೊಡಗಿದಳು. "ಅಪ್ಪಾ, ನೀರು ಹಸಿರಿದೆ. ತಳದಲ್ಲಿ ಕಲ್ಲು ಕಾಣ್ತಿದೆ. ಬಂಡೆ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಚ್ಕೊಂಡು ಒಣಗಿಸ್ತಾ ಇದೆ. ಈಗ ಒಂದು ಮೀನು ಹಾರ್ತು, ಬೆಳ್ಳಗೆ, ಇಷ್ಟುದ್ದ." ದಡ ತಾಗಿತು.

ನಾಲ್ಕು ಆಡು, ಒಂದು ಹೊಂಗೆಮರ, ಅಷ್ಟೇ ದ್ವೀಪ. ನಾನು ಇಳಿದವನೇ ಮರವನ್ನು ತಬ್ಬಿಕೊಂಡು ಅದಕ್ಕೇ ಮುಖ ಮಾಡಿ ನಿಂತೆ. ಪಲ್ಲವಿ ದಡದಗುಂಟ ಓಡಿದಳು, ನಾಲ್ಕೂ ಕಡೆ ನೀರಿಗೆ ಕೈ ಅದ್ದಿ ಎರಡೇ ನಿಮಿಷದಲ್ಲಿ ಹೊರಟಲ್ಲಿಗೆ ಬಂದಳಂತೆ. ಮತ್ತೆ ಓಡಿದಳು. ಮೂರನೆಯ ಸಲ ಗಿರಿಜಾಳೂ ಚಪ್ಪಲಿ ಬಿಟ್ಟು ಅವಳ ಹಿಂದೆ ಓಡಿದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಆಕೆ ಓಡಿದ್ದನ್ನು ನಾನು ನೋಡಿರಲಿಲ್ಲ, ಆವತ್ತೂ ಸದ್ದಿನಿಂದಷ್ಟೇ ತಿಳಿದದ್ದು. ಅವ್ವ ಮೊಣಕಾಲಿನವರೆಗೆ ನೀರಲ್ಲಿ ನಿಂತು ಸೂರ್ಯನಿಗೆ ಕೈಮುಗಿದಳಂತೆ.

ವಾಪಸು ಬರುವಾಗಲೂ ತೆಪ್ಪದಲ್ಲಿ ನಾನು ಕಣ್ಣು ಬಿಡಲಿಲ್ಲ. ಮದುವೆ ಬಸ್ಸು ನಮ್ಮನ್ನು ಮತ್ತೆ ಮಳವಳ್ಳಿಗೆ ಬಿಟ್ಟಿತು, ಬೆಂಗಳೂರು ಸೇರಿದೆವು. ಸೋಮವಾರ ಪಲ್ಲವಿ ಕಾಲು ಗಂಟೆ ಮಾತಾಡಿದಳಂತೆ, ಕ್ಲಾಸು ಗಪ್‌ಚಿಪ್ಪಾಗಿ ಕೇಳಿತಂತೆ. ನಾನು ಮೆಲ್ಲಗೆ, "ನನ್ನ ಬಗ್ಗೆ ಏನಾದ್ರೂ ಹೇಳಿದ್ಯಾ?" ಎಂದು ವಿಚಾರಿಸಿದೆ. "ಯಾರು ಕರ್ಕೊಂಡು ಹೋದ್ರು ಅಂತ ಟೀಚರ್ ಕೇಳಿದ್ರು. ಅಜ್ಜಿ ಅಂದೆ" ಅಂದಳು. ಒಂದು ಕ್ಷಣ ನನ್ನ ಮುಖ ನೋಡಿ, "ಪ್ಲಾನ್ ಅಪ್ಪಂದು ಅಂತಾನೂ ಹೇಳ್ದೆ" ಎಂದು ಸೇರಿಸಿದಳು.

ಮಂಗಳವಾರ ಕ್ಯಾಂಟೀನಿನಲ್ಲಿ ಮೇಜಿನವರೆಲ್ಲ ನನ್ನ ಸುತ್ತ ಕೂತರು. ನಾನು ಹಸಿರು ನೀರಿನಿಂದ ಶುರುಮಾಡಿದೆ. ತಳದ ಕಲ್ಲು, ಬಂಡೆಯ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ, ಬೆಳ್ಳಗೆ ಹಾರಿದ ಮೀನು, ಅದರ ಉದ್ದವನ್ನು ನಾನೇ ಸ್ವಲ್ಪ ಹೆಚ್ಚಿಸಿದೆ. ಸಾಂಬಾರು ಆರಿಹೋದದ್ದು ಯಾರಿಗೂ ತಿಳಿಯಲಿಲ್ಲ. ರಾಮಮೂರ್ತಿ ಕೂಡ ತಟ್ಟೆ ಪಕ್ಕಕ್ಕೆ ಸರಿಸಿ ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಅವರು ಮನಸಾರೆ ಹೇಳಿದರು: "ಏನೇ ಹೇಳಿ, ನೀವು ಕಣ್ಣಿಗೆ ಕಟ್ಟಿದ ಹಾಗೆ ಹೇಳ್ತೀರಿ ಕಣ್ರೀ." ನಾನು ತಲೆ ತಗ್ಗಿಸಿ ಮಜ್ಜಿಗೆ ಕುಡಿದೆ.