ಲೆನ್ಸಿನ ನೇರಳೆ ಕಲೆ ತೆಗೆಸಿದ ನಂತರದ ಮುಖಗಳ ಬಗ್ಗೆ

ಸಂಖ್ಯೆ: ಗು.ಚೀ/ಮುಖ/ಲೆನ್ಸ್/07(ಬಿ)

ವಿಷಯ: ಗುರುತಿನ ಚೀಟಿಯ ಫೋಟೊಗೂ ಸಿಬ್ಬಂದಿಯ ಮುಖಕ್ಕೂ ತಾಳೆಯಾಗದಿರುವ ಕುರಿತು.

ಉಲ್ಲೇಖ: 1. ಕಚೇರಿ ಛಾಯಾಗ್ರಾಹಕರ ಪತ್ರ. 2. ಅವರದೇ ನೆನಪೋಲೆ. 3. ಅವರದೇ ಇನ್ನೊಂದು ನೆನಪೋಲೆ (ದನಿ ಏರಿದೆ).

ವಾರ್ಷಿಕ ತಪಾಸಣೆಗೆ ಮುನ್ನ ಕ್ಯಾಮೆರಾದ ಲೆನ್ಸಿನ ಮೇಲೆ ನೇರಳೆ ಬಣ್ಣದ ಕಲೆಯಿರುವುದು ಅಧೀಕ್ಷಕರ ಗಮನಕ್ಕೆ ಬಂದಿದ್ದು, ಹಿತ್ತಾಳೆಯ ನಾಮಫಲಕ ಬೆಳಗುವ ಪುಡಿಯಿಂದ ಎರಡು ದಿನ ತಿಕ್ಕಿಸಿ ತೆಗೆಸಲಾಗಿದೆ. ತಿಕ್ಕಿದ ಅಟೆಂಡರಿಗೆ ಪ್ರಶಂಸಾ ಪತ್ರ ನೀಡಲಾಗಿದೆ. "ಅದು ಕಲೆಯಲ್ಲ ಸಾರ್, ಬೆಳಕು ಚೆದುರದ ಹಾಗೆ ಕಂಪನಿಯವರೇ ಬಳಿದಿರೋ ಲೇಪನ. ಈಗ ಕಿಟಕಿ ಬೆಳಕೆಲ್ಲ ಫೋಟೊದೊಳಗೆ ನುಗ್ತಿದೆ, ಮುಖ ಯಾವುದು ಗೋಡೆ ಯಾವುದು ಗೊತ್ತಾಗ್ತಿಲ್ಲ" ಎಂದು ಛಾಯಾಗ್ರಾಹಕರು ಅಲವತ್ತುಕೊಂಡಿದ್ದನ್ನು ಕಡತದಲ್ಲಿಡಲಾಗಿದೆ. ಕಡತವನ್ನು ಕಪಾಟಿನಲ್ಲಿಡಲಾಗಿದೆ. ಆದ್ದರಿಂದ ಸಮಸ್ತ ಸಿಬ್ಬಂದಿಯ ಅವಗಾಹನೆಗೆ ತರಲಾಗುವುದೇನೆಂದರೆ:

1. ಲೆನ್ಸ್ ಶುಚಿಯಾಗಿದೆಯೆಂದು ತಪಾಸಣಾ ವರದಿಯಲ್ಲಿ ಈಗಾಗಲೇ ಬರೆದಾಗಿದೆ. ಆದಕಾರಣ ದೋಷವು ಮುಖಗಳಲ್ಲಿದೆಯೆಂದು ತೀರ್ಮಾನಿಸಲಾಗಿದೆ.

2. ಫೋಟೊದಲ್ಲಿ ಮೀಸೆ ಮೂಡದವರು ಏಳು ದಿನಗಳೊಳಗೆ ಮೀಸೆ ತೆಗೆಸತಕ್ಕದ್ದು. ಹುಬ್ಬು ಮೂಡದವರ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

3. ಹಣೆಯೂ ಗೋಡೆಯೂ ಒಂದಾಗಿ ಬಂದಿರುವವರು ಗೇಟಿನಲ್ಲಿ ಚೀಟಿ ತೋರಿಸುವಾಗ ಸುಣ್ಣದ ಗೋಡೆಗೆ ಒತ್ತಿಕೊಂಡು ನಿಲ್ಲತಕ್ಕದ್ದು.

4. ಕೆನ್ನೆಯ ಮೇಲೆ ಬೆಳಕಿನ ಉಂಡೆ ಬಿದ್ದಿರುವವರು ಅದನ್ನು 'ದೇಹದ ಮೇಲಿನ ಶಾಶ್ವತ ಮಚ್ಚೆ' ಎಂಬ ಕಾಲಂನಲ್ಲಿ ನಮೂದಿಸತಕ್ಕದ್ದು.

5. ಹೊಸ ಲೆನ್ಸಿನ ಬೇಡಿಕೆಯನ್ನು ತಿರಸ್ಕರಿಸಲಾಗಿದೆ. ನಿರ್ದೇಶಕರ ಫೋಟೊದಲ್ಲಿ ಸುಕ್ಕುಗಳೆಲ್ಲ ಮಾಯವಾಗಿ ತಲೆಯ ಸುತ್ತ ಪ್ರಭೆ ಮೂಡಿದ್ದು, ಅವರ ಶ್ರೀಮತಿಯವರೂ ಮೆಚ್ಚಿರುತ್ತಾರೆ.

6. ಛಾಯಾಗ್ರಾಹಕರ ಸ್ವಂತ ಚೀಟಿಯೂ ಇದೇ ಲೆನ್ಸಿನಿಂದ ನವೀಕರಣಗೊಂಡಿದ್ದು, ಮುಖ ತಾಳೆಯಾಗದ ಕಾರಣ ಕಾವಲುಗಾರರು ಅವರನ್ನು ಒಂಬತ್ತು ದಿನಗಳಿಂದ ಒಳಗೆ ಬಿಟ್ಟಿರುವುದಿಲ್ಲ. ಇಪ್ಪತ್ತೆರಡು ವರ್ಷ ದಿನಾ ನಮಸ್ಕಾರ ಹೇಳಿದ ಪರಿಚಯವನ್ನು ದಾಖಲೆಯೆಂದು ಪರಿಗಣಿಸಲಾಗದು. ಇದು ಅನಧಿಕೃತ ಗೈರುಹಾಜರಿಯಾಗಿದ್ದು, ನಾಳೆಯೂ ಒಳಗೆ ಬಂದು ಹಾಜರಾತಿ ಹಾಕದಿದ್ದಲ್ಲಿ ಸೇವೆಯಿಂದ ತೆಗೆಯಲಾಗುವುದು. ಬೇರೆ ಫೋಟೊ ಬೇಕಿದ್ದಲ್ಲಿ ಕಚೇರಿಯೊಳಗೆ ಬಂದು ಛಾಯಾಗ್ರಾಹಕರ ಕೈಯಿಂದಲೇ ತೆಗೆಸಿಕೊಳ್ಳತಕ್ಕದ್ದು.

(ಸಹಿ)
ಅಧೀಕ್ಷಕರು, ಗುರುತಿನ ಚೀಟಿ ಶಾಖೆ

ಪ್ರತಿಗಳು:
1. ನಿರ್ದೇಶಕರ ಆಪ್ತ ಸಹಾಯಕರಿಗೆ. ಪ್ರಭೆಯಿರುವ ಫೋಟೊ, ದೊಡ್ಡ ಅಳತೆಯದು, ಎರಡು ಲಗತ್ತಿಸಿದೆ.
2. ಅಟೆಂಡರಿಗೆ. ಅಧೀಕ್ಷಕರ ಹೊಸ ಕನ್ನಡಕದ ಮೇಲೂ ಅಂಥದೇ ನೇರಳೆ ಕಲೆ ಕಂಡಿದ್ದು, ಉಳಿದ ಪುಡಿಯಿಂದ ಕೂಡಲೇ ಕ್ರಮ ಕೈಗೊಳ್ಳಲು.
3. ಗೇಟಿನ ಕಾವಲುಗಾರರಿಗೆ.
4. ಕಚೇರಿ ಛಾಯಾಗ್ರಾಹಕರಿಗೆ, ಕಾವಲುಗಾರರ ಮೂಲಕ. ಊಟದ ಡಬ್ಬಿ ಹಿಡಿದು ಗೇಟಿನ ಹೊರಗೆ ನಿಂತಿರುವವರು ಅವರೇ. ಆದರೂ ಗುರುತು ಖಚಿತವಾದ ನಂತರವೇ ಈ ಪ್ರತಿ ಕೊಡತಕ್ಕದ್ದು.